ಮೈಯ ತುಡಿತ, ಮನದ ಎಚ್ಚರ

ಹದಿನೆಂಟನೆಯ ಶತಮಾನದ ಮಧ್ಯಭಾಗ. ಲಂಡನ್ ನಗರದಲ್ಲಿ ಕಾದಂಬರಿಕಾರ ರಿಚರ್ಡ್‌ಸನ್ನನ ಮನೆಗೆ ಪ್ರಸಿದ್ಧ ಚಿತ್ರಕಾರ ಹೋಗಾರ್ತ್ ಒಂದು ದಿನ ಬಂದಿದ್ದನು. ಇಬ್ಬರೂ ಮಾತಿನಲ್ಲಿ ತೊಡಗಿದ್ದಾಗ, ಕಿಟಕಿಯ ಬಳಿ ನಿಂತಿದ್ದ ಒಬ್ಬ ಸ್ಥೂಲಕಾಯನ ಮೇಲೆ ಚಿತ್ರಕಾರನ ದೃಷ್ಟಿ ಬಿದ್ದಿತು. ಆ ಮನುಷ್ಯನು ತಲೆಯನ್ನು ಅಲುಗಿಸುತ್ತಿದ್ದನು. ಮೈಯನ್ನು ವಿಚಿತ್ರವಾಗಿ ಹೊರಳಿಸುತ್ತಿದ್ದನು. ಪಾಪ, ಯಾರೋ ಬುದ್ಧಿಯಿಲ್ಲದವನಿರಬೇಕು. ಬಂಧುಗಳು ಇವನನ್ನು ರಿಚರ್ಡ್‌ಸನ್ನನ ಆಶ್ರಯದಲ್ಲಿ ಬಿಟ್ಟು ಹೋಗಿರಬೇಕು ಎಂದು ಹೋಗಾರ್ತ್ ಭಾವಿಸಿದನು. ಅಷ್ಟರಲ್ಲಿ ಆ ವ್ಯಕ್ತಿ ದಾಪುಗಾಲಿಟ್ಟು ಮುಂದೆ ಬಂದು ಅವರ ಚರ್ಚೆಯಲ್ಲಿ ಸೇರಿಕೊಂಡನು. ಅವನ ಬಾಯಿಂದ ಹೊರಟ ವಾಗ್ಝರಿಯನ್ನು ಕೇಳಿ ಹೋಗಾರ್ತ್ ಬೆರಗಾಗಿ ಹೋದನು. ಆ ಸ್ಥೂಲಕಾಯನೇ ಆಂಗ್ಲ ಸಾಹಿತ್ಯದ ಮಹಾವಿದ್ವಾಂಸನಾದ ಡಾಕ್ಟರ್ ಸ್ಯಾಮ್ಯುಅಲ್ ಜಾನ್ಸನ್.

ಜಾನ್ಸನ್ನನು 1709ರಲ್ಲಿ ಇಂಗ್ಲೆಂಡಿನ ಲಿಚ್‌ಫೀಲ್ಡ್ ಎಂಬ ಊರಿನಲ್ಲಿ ಪುಸ್ತಕ ವ್ಯಾಪಾರಿಯೊಬ್ಬನ ಮಗನಾಗಿ ಹುಟ್ಟಿದನು. 1755ರಲ್ಲಿ ಅವನು ಹೊರತಂದ ಇಂಗ್ಲಿಷ್ ನಿಘಂಟು ಇಂದಿಗೂ ವಿದ್ವತ್ತಿನ ಹೆಗ್ಗುರುತಾಗಿ ನಿಂತಿದೆ. ಆದರೆ ಯೌವನದಲ್ಲಿ ಅವನು ಬಯಸಿದುದು ಉಪಾಧ್ಯಾಯ ವೃತ್ತಿಯನ್ನು. 1735ರಲ್ಲಿ ಒಂದು ಶಾಲೆಯ ಮುಖ್ಯೋಪಾಧ್ಯಾಯ ಹುದ್ದೆಗೆ ಅವನ ಹೆಸರು ಬಂದಾಗ, ಮುಖವನ್ನು ವಿಕಾರವಾಗಿ ತಿರುಚುವ ಅವನ ರೀತಿಯು ಹುಡುಗರ ಮೇಲೆ ಕೆಟ್ಟ ಪರಿಣಾಮ ಮಾಡೀತೆಂದು ಆಡಳಿತದವರು ಹಿಂಜರಿದರು. ಅದು ಅವನ ವಶದಲ್ಲಿಲ್ಲವೆಂಬುದು ಅವರಿಗೆ ತಿಳಿದೇ ಇತ್ತು; ಆದರೂ ಹುದ್ದೆ ದೊರೆಯಲಿಲ್ಲ. ಇನ್ನೊಂದು ಶಾಲೆಯಲ್ಲಿ, ವಿದ್ಯಾರ್ಥಿಗಳು ಅವನ ಅಂಗಚೇಷ್ಟೆಗಳನ್ನು ಅಣಕಿಸಿ ನಗುವರೆಂಬ ಭಯದಿಂದ ಸಹಾಯಕನ ಕೆಲಸವನ್ನೂ ಕೊಡಲಿಲ್ಲ. ಅವನು ತಾನೇ ತೆರೆದ ಪುಟ್ಟ ಪಾಠಶಾಲೆಗೆ ಬೆರಳೆಣಿಕೆಯ ಮಕ್ಕಳು ಮಾತ್ರ ಬಂದರು. ಅದೂ ಬೇಗನೆ ಮುಚ್ಚಿತು. 1737ರಲ್ಲಿ ಅವನು ಜೀವನೋಪಾಯವನ್ನು ಅರಸಿ ಲಂಡನ್ನಿಗೆ ಹೊರಟನು.

ಅವನ ಚಲನೆಗಳ ಕಾರಣವೇನೆಂಬುದು ಅವನ ಸ್ನೇಹಿತರಿಗೂ ಒಗಟಾಗಿತ್ತು. ಸುಮ್ಮನೆ ಕುಳಿತಿರೆಂದು ಹೇಳಿದರೆ ಅವನು ಇತರರಂತೆಯೇ ನಿಶ್ಚಲನಾಗಿ ಕುಳಿತುಕೊಳ್ಳಬಲ್ಲನು. ಆದುದರಿಂದ ಇದು ರೋಗವಲ್ಲ, ಕೇವಲ ಅಭ್ಯಾಸ ಎಂದು ಚಿತ್ರಕಾರ ಜೋಷುವಾ ರೆನಾಲ್ಡ್ಸ್ ವಾದಿಸಿದನು. ಇದೇಕೆ ಹೀಗೆ ಮಾಡುತ್ತೀರಿ ಎಂದು ಒಬ್ಬ ಪುಟ್ಟ ಹುಡುಗಿ ನೇರವಾಗಿ ಕೇಳಿಯೇಬಿಟ್ಟಾಗ, ಜಾನ್ಸನ್ನನು ಕೋಪಿಸಿಕೊಳ್ಳದೆ, ಅದು ದುರಭ್ಯಾಸದ ಫಲವೆಂದೂ ಅಂಥ ಅಭ್ಯಾಸಗಳಿಂದ ಅವಳು ದೂರವಿರಬೇಕೆಂದೂ ಮೃದುವಾಗಿ ಬುದ್ಧಿ ಹೇಳಿದನಂತೆ. ನಿಘಂಟಿನಲ್ಲಿ ಸಾವಿರಾರು ಪದಗಳಿಗೆ ಅರ್ಥ ಬರೆದ ಆ ಪಂಡಿತನಿಗೆ ತನ್ನ ಮೈಯ ಬಾಧೆಗೆ ಸರಿಯಾದ ಹೆಸರು ಮಾತ್ರ ಸಿಕ್ಕಿರಲಿಲ್ಲ. ಅದನ್ನು ಅವನು ತನ್ನದೇ ತಪ್ಪೆಂದು ಹೊತ್ತುಕೊಂಡಿದ್ದನು.

ಆ ಹೆಸರು ದೊರೆಯಲು ಇನ್ನೂ ನೂರು ವರ್ಷಗಳು ಬೇಕಾದವು. 1825ರಲ್ಲಿ ಇಟಾರ್ ಎಂಬ ಫ್ರೆಂಚ್ ವೈದ್ಯನು ಶ್ರೀಮಂತ ಮನೆತನದ ಒಬ್ಬ ಮಹಿಳೆಯ ವೃತ್ತಾಂತವನ್ನು ಬರೆದನು. ಏಳನೆಯ ವಯಸ್ಸಿನಿಂದ ಆಕೆಯ ಕೈಗಳು ಇದ್ದಕ್ಕಿದ್ದಂತೆ ಸೆಳೆಯುತ್ತಿದ್ದವು. ಕ್ರಮೇಣ ಆಕೆಯ ಬಾಯಿಂದ ಅನಪೇಕ್ಷಿತವಾದ ಕೂಗುಗಳೂ ಮಾತುಗಳೂ ಹೊರಡತೊಡಗಿದವು. 1885ರಲ್ಲಿ ಪ್ಯಾರಿಸ್ ನಗರದ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಷಾರ್ಕೋ ಎಂಬ ಖ್ಯಾತ ನರವೈದ್ಯನ ಶಿಷ್ಯನಾಗಿದ್ದ ಜಿಲ್ ದ ಲಾ ಟುರೆಟ್ ಎಂಬ ತರುಣ ವೈದ್ಯನು ಇಂಥ ಒಂಬತ್ತು ರೋಗಿಗಳ ವಿವರಗಳನ್ನು ಪ್ರಕಟಿಸಿದನು. ಗುರುವು ಆ ಬಾಧೆಗೆ ಶಿಷ್ಯನ ಹೆಸರನ್ನೇ ಇಟ್ಟನು. ಜಾನ್ಸನ್ನನ ಸಮಕಾಲೀನರು ಬರೆದಿಟ್ಟ ವಿವರಗಳನ್ನು ಓದಿದ ಇಂದಿನ ಅನೇಕ ವೈದ್ಯರು ಅವನನ್ನೂ ಕಾಡಿದುದು ಇದೇ ಟುರೆಟ್ ಬಾಧೆಯೆಂದು ಅಭಿಪ್ರಾಯಪಡುತ್ತಾರೆ.

ಈ ಬಗೆಯ ಚಲನೆಗೂ ಧ್ವನಿಗೂ ವೈದ್ಯಶಾಸ್ತ್ರದಲ್ಲಿ ‘ಟಿಕ್’ ಎಂದು ಹೆಸರು. ಕಣ್ಣನ್ನು ಪಿಳಿಪಿಳಿ ಮಿಟುಕಿಸುವುದು, ಮೂಗನ್ನು ಸುಕ್ಕಿಸುವುದು, ಹೆಗಲನ್ನು ಎಗರಿಸುವುದು, ಕತ್ತನ್ನು ಒಮ್ಮೆಲೆ ಹೊರಳಿಸುವುದು, ಇವು ಅಂಗಗಳ ಟಿಕ್‌ಗಳು. ಮತ್ತೆ ಮತ್ತೆ ಗಂಟಲು ಕೆರೆಯುವುದು, ಮೂಗಿನಿಂದ ಸದ್ದು ಮಾಡುವುದು, ಕಿರುಕೂಗು ಹಾಕುವುದು, ಇವು ಧ್ವನಿಯ ಟಿಕ್‌ಗಳು. ಹಲವು ಅಂಗಗಳ ಟಿಕ್‌ಗಳೂ ಕನಿಷ್ಠ ಒಂದಾದರೂ ಧ್ವನಿಯ ಟಿಕ್ಕೂ ಚಿಕ್ಕಂದಿನಲ್ಲೇ ತೊಡಗಿ, ಒಂದು ವರ್ಷಕ್ಕೂ ಮೀರಿ ಉಳಿದರೆ ಅದನ್ನು ಟುರೆಟ್ ಬಾಧೆಯೆನ್ನುತ್ತಾರೆ. ಈ ಬಾಧೆಯುಳ್ಳವರೆಲ್ಲರೂ ಅಶ್ಲೀಲವಾಗಿ ಬೈಯುತ್ತಾರೆಂಬುದು ಚಲನಚಿತ್ರಗಳು ಹಬ್ಬಿಸಿದ ತಪ್ಪು ಕಲ್ಪನೆ. ಆ ಲಕ್ಷಣವು ಕಾಣುವುದು ಸ್ವಲ್ಪ ಮಂದಿಯಲ್ಲಿ ಮಾತ್ರ.

ಸಾಮಾನ್ಯವಾಗಿ ಟಿಕ್‌ಗಳು ಐದಾರು ವರ್ಷದ ವಯಸ್ಸಿನಲ್ಲಿ ತೊಡಗಿ, ಹತ್ತು ಹನ್ನೆರಡನೆಯ ವಯಸ್ಸಿನಲ್ಲಿ ಅತಿ ತೀವ್ರವಾಗುತ್ತವೆ. ಹುಡುಗಿಯರಿಗಿಂತ ಹುಡುಗರಲ್ಲಿ ಇವು ಹೆಚ್ಚು. ಅನೇಕರಲ್ಲಿ ಹರೆಯ ಕಳೆಯುವಷ್ಟರಲ್ಲಿ ಅವು ತಾವಾಗಿಯೇ ಇಳಿಮುಖವಾಗುತ್ತವೆ. ಆದರೆ ಕೆಲವರಲ್ಲಿ ಹಾಗೆಯೇ ಉಳಿದು ಪ್ರೌಢವಯಸ್ಸಿನಲ್ಲಿಯೂ ಕಾಡುತ್ತವೆ. ಕಚೇರಿಯಲ್ಲಿ, ಬಸ್ಸಿನಲ್ಲಿ, ಮದುವೆಯ ಮನೆಯಲ್ಲಿ ಎಲ್ಲರ ಕಣ್ಣೂ ತನ್ನ ಮೇಲೆ ಬೀಳುವುದೆಂಬ ಅಳುಕು ಅಂಥವರ ಬೆನ್ನು ಬಿಡದು. ಎಷ್ಟೋ ವೇಳೆ ಟಿಕ್‌ಗಿಂತಲೂ ಆ ಅಳುಕೇ ಅವರಿಗೆ ಹೆಚ್ಚಿನ ನೋವು.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹಲವರು ಇದನ್ನು ಮನಸ್ಸಿನ ಒಳಗುದ್ದಾಟದ ಫಲವೆಂದೇ ನಂಬಿದ್ದರು. ಎಷ್ಟೋ ತಾಯಂದಿರು ಮಕ್ಕಳನ್ನು ಸರಿಯಾಗಿ ಬೆಳೆಸಲಿಲ್ಲವೆಂಬ ದೂರಿಗೂ ಗುರಿಯಾದರು. 1960ರ ದಶಕದಲ್ಲಿ ಹ್ಯಾಲೊಪೆರಿಡಾಲ್ ಎಂಬ ಔಷಧವು ಟಿಕ್‌ಗಳನ್ನು ತಗ್ಗಿಸುವುದು ಕಂಡುಬಂದ ಮೇಲೆ ಈ ನಂಬಿಕೆ ಸಡಿಲವಾಯಿತು. ಬಾಧೆಯ ಮೂಲ ಮಿದುಳಿನಲ್ಲಿದೆ ಎಂಬುದು ಈಗ ಒಪ್ಪಿತವಾಗಿದೆ. ಮಿದುಳಿನ ಆಳದಲ್ಲಿ, ಬೇಕಾದ ಚಲನೆಗೆ ಅನುಮತಿ ಕೊಟ್ಟು ಬೇಡವಾದ ಚಲನೆಯನ್ನು ತಡೆಯುವ ನರಕೇಂದ್ರಗಳ ಒಂದು ಗುಂಪು ಇದೆ. ಅದು ಮನೆಯ ಬಾಗಿಲು ಕಾಯುವವನಂತೆ. ಆ ಕಾವಲು ಕೊಂಚ ಸಡಿಲವಾದಾಗ ಕರೆಯದ ಚಲನೆಗಳು ಒಳನುಗ್ಗುತ್ತವೆ. ಇದರಲ್ಲಿ ಅನುವಂಶೀಯತೆಯ ಪಾತ್ರವೂ ದೊಡ್ಡದು. ಔಷಧಗಳಿಂದ ಪ್ರಯೋಜನವುಂಟು; ಆದರೆ ಕೆಲವು ಔಷಧಗಳು ತೂಕಡಿಕೆ, ಮಂಕುತನ, ಮೈತೂಕದ ಹೆಚ್ಚಳ ಮುಂತಾದ ತೊಂದರೆಗಳನ್ನೂ ತರುವುದರಿಂದ ಎಲ್ಲರಿಗೂ ಅವು ಒಗ್ಗುವುದಿಲ್ಲ.

ಹಾಗಾದರೆ ರೆನಾಲ್ಡ್ಸ್ ಹೇಳಿದ ಮಾತಿಗೆ ಉತ್ತರವೇನು? ಟಿಕ್ ಮಿದುಳಿನ ಬಾಧೆಯಾದರೆ ಜಾನ್ಸನ್ನನು ಕೆಲವು ಹೊತ್ತು ನಿಶ್ಚಲನಾಗಿರುವುದು ಹೇಗೆ ಸಾಧ್ಯವಾಯಿತು? ಇದರ ಉತ್ತರ ಒಂದು ಸಣ್ಣ ಅನುಭವದಲ್ಲಿದೆ. ಪ್ರಾರ್ಥನೆಯ ವೇಳೆಯಲ್ಲಿ ಸಾಲಾಗಿ ನಿಂತ ವಿದ್ಯಾರ್ಥಿಯ ಕಾಲನ್ನು ಸೊಳ್ಳೆ ಕಚ್ಚಿತೆನ್ನೋಣ. ತುರಿಕೆ ಏರುತ್ತದೆ. ಅವನು ಸ್ವಲ್ಪ ಹೊತ್ತು ಹಲ್ಲು ಕಚ್ಚಿ ತಡೆಯಬಲ್ಲ. ಆದರೆ ಮನಸ್ಸೆಲ್ಲ ಆ ಒಂದು ಬಿಂದುವಿನಲ್ಲೇ ಸಿಕ್ಕಿಬೀಳುತ್ತದೆ. ಕೊನೆಗೆ ತುರಿಸಿಕೊಂಡಾಗ ಹಾಯೆನಿಸುತ್ತದೆ. ಮರುಗಳಿಗೆಯಲ್ಲಿ ತುರಿಕೆ ಮತ್ತೆ ಏಳುತ್ತದೆ. ಟಿಕ್‌ನ ರೀತಿಯೂ ಬಹುಮಟ್ಟಿಗೆ ಹೀಗೆಯೇ. ಚಲನೆಗೆ ಮೊದಲು ಆ ಅಂಗದಲ್ಲಿ ಒಂದು ಬಿಗಿತ, ಒತ್ತಡ ಅಥವಾ ಕಚಗುಳಿಯಂಥ ತುಡಿತ ಏಳುತ್ತದೆ. ಚಲಿಸಿದೊಡನೆ ಅದು ಕ್ಷಣಕಾಲ ಶಮನವಾಗುತ್ತದೆ. ಆ ಶಮನದ ರುಚಿಯೇ ಮುಂದಿನ ಟಿಕ್‌ಗೆ ಬೀಜವಾಗುತ್ತದೆ. ಹೀಗೆ ತುಡಿತ, ಚಲನೆ, ಶಮನ, ಮತ್ತೆ ತುಡಿತ ಎಂಬ ಗಾಣ ತಿರುಗುತ್ತಲೇ ಇರುತ್ತದೆ.

ಈ ಗಾಣವನ್ನು ನಿಲ್ಲಿಸುವ ಒಂದು ಉಪಾಯವನ್ನು 1973ರಲ್ಲಿ ಆಜ್ರಿನ್ ಮತ್ತು ನನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಪ್ರಕಟಿಸಿದರು. ರೋಗಿಯು ಮೊದಲು ತನ್ನ ತುಡಿತವನ್ನು ಗುರುತಿಸಲು ಕಲಿಯಬೇಕು. ಬಳಿಕ ತುಡಿತವೆದ್ದಾಗ ಟಿಕ್‌ಗೆ ಎಡೆಗೊಡದ ಇನ್ನೊಂದು ಚಲನೆಯನ್ನು ಮಾಡಬೇಕು. ಹೆಗಲು ಎಗರುವವನು ಮೊಣಕೈಯನ್ನು ಪಕ್ಕೆಗೆ ಮೆಲ್ಲನೆ ಒತ್ತಿ ಹಿಡಿಯುವುದು ಇದಕ್ಕೆ ಉದಾಹರಣೆ. ಈ ವಿಧಾನವನ್ನು ವಿಸ್ತರಿಸಿ 122 ಮಂದಿ ಹದಿಹರೆಯದವರ ಹಾಗೂ ವಯಸ್ಕರ ಮೇಲೆ ನಡೆಸಿದ ಪರೀಕ್ಷೆಯೊಂದು 2012ರಲ್ಲಿ ಪ್ರಕಟವಾಯಿತು. ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 38 ಮಂದಿ ಚೆನ್ನಾಗಿ ಸುಧಾರಿಸಿದರು. ಕೇವಲ ತಿಳಿವಳಿಕೆ ಮತ್ತು ಸಾಂತ್ವನ ಪಡೆದವರಲ್ಲಿ ಸುಮಾರು 6 ಮಂದಿ ಮಾತ್ರ. ಇದು ದೊಡ್ಡ ಅಂತರವೇ ಸರಿ. ಆದರೂ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಬೇಕಾದಷ್ಟು ಪ್ರಯೋಜನವಾಗಲಿಲ್ಲ. ಅವರಿಗಾಗಿ ಬೇರೆ ದಾರಿಯನ್ನೂ ಹುಡುಕಬೇಕಾಗಿತ್ತು.

ಆ ದಾರಿಯ ಮೊದಲ ಹೆಜ್ಜೆಗಳು ಮೂಡಿದುದು ಭಾರತದಲ್ಲಿ. ಭಗವಾನ್ ಬುದ್ಧನ ಉಪದೇಶದಲ್ಲಿ ‘ಸತಿ’ ಎಂಬ ಪಾಲಿ ಪದವುಂಟು. ಸಂಸ್ಕೃತದಲ್ಲಿ ಅದು ‘ಸ್ಮೃತಿ’. ಉಸಿರು, ದೇಹ, ಸಂವೇದನೆ, ಮನಸ್ಸು ಇವುಗಳಲ್ಲಿ ಏನು ನಡೆಯುತ್ತಿದೆಯೋ ಅದನ್ನು ಮರೆಯದೆ, ಎಚ್ಚರದಿಂದ, ಇದ್ದುದನ್ನು ಇದ್ದಂತೆ ಕಾಣುವುದು ಅದರ ತಾತ್ಪರ್ಯ. ಕನ್ನಡದಲ್ಲಿ ಅದನ್ನು ‘ಸಾವಧಾನ’ ಎನ್ನಬಹುದು. ಅಮೆರಿಕದ ಜಾನ್ ಕಬಾಟ್-ಜಿನ್ ಎಂಬ ವಿಜ್ಞಾನಿ ಬೌದ್ಧ ಧ್ಯಾನವನ್ನೂ ಯೋಗಾಸನಗಳನ್ನೂ ಅಭ್ಯಾಸ ಮಾಡಿದ್ದವರು. ಅವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ದೀರ್ಘಕಾಲದ ನೋವಿನಿಂದಲೂ ಮನೋಭಾರದಿಂದಲೂ ಬಳಲುವವರಿಗಾಗಿ ಒಂದು ಶಿಕ್ಷಣಕ್ರಮವನ್ನು ಆರಂಭಿಸಿದರು. ಅದರಲ್ಲಿ ಮತದ ಆಚರಣೆಯಿರಲಿಲ್ಲ, ಪೂಜೆಯಿರಲಿಲ್ಲ. ಸಾವಧಾನದ ಅಭ್ಯಾಸ ಮಾತ್ರವಿತ್ತು.

ಇದೇ ಕ್ರಮವನ್ನು ಟಿಕ್ ಬಾಧೆಗೆ ಹೊಂದಿಸಿ ಪರೀಕ್ಷಿಸಿದವರು ಹನ್ನಾ ರೀಸ್ ಮತ್ತು ಅವರ ಸಹೋದ್ಯೋಗಿಗಳು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 16ರಿಂದ 67 ವರ್ಷದವರೆಗಿನ 18 ಮಂದಿ ಭಾಗವಹಿಸಿದ್ದರು. ವಾರಕ್ಕೊಮ್ಮೆ ಎರಡು ಗಂಟೆಗಳ ತರಗತಿ. ನಡುವೆ ಒಂದು ದಿನ ನಾಲ್ಕು ಗಂಟೆಗಳ ಮೌನಾಭ್ಯಾಸ. ಮನೆಯಲ್ಲಿ ದಿನನಿತ್ಯದ ಸಾಧನೆ. ಎಂಟು ವಾರಗಳಾದ ಮೇಲೆ ಅವರಲ್ಲಿ ನೂರಕ್ಕೆ ಸುಮಾರು 59 ಮಂದಿಯ ಸ್ಥಿತಿ ಗಮನಾರ್ಹವಾಗಿ ಸುಧಾರಿಸಿತ್ತು. ಒಂದು ತಿಂಗಳ ನಂತರ ನೋಡಿದಾಗಲೂ ಆ ಪ್ರಯೋಜನ ಉಳಿದಿತ್ತು. ಯಾರಲ್ಲಿ ಸಾವಧಾನದ ಗುಣ ಹೆಚ್ಚು ಬೆಳೆದಿತ್ತೋ ಅವರಲ್ಲಿ ಟಿಕ್‌ಗಳೂ ಹೆಚ್ಚು ತಗ್ಗಿದ್ದವು.

ತುಡಿತವೆದ್ದಾಗ ಈ ಸಾಧಕನು ಮಾಡುವುದೇನು? ಅವನು ಒಂದು ಕಡೆ ಕುಳಿತು ಉಸಿರಾಟದ ಕಡೆಗೆ ಮನಸ್ಸು ಕೊಡುತ್ತಾನೆ. ಕತ್ತಿನಲ್ಲಿ ತುಡಿತ ಏಳುತ್ತದೆ. ಅವನು ಅದನ್ನು ಅದುಮಲು ಹೋಗುವುದಿಲ್ಲ. ಅದಕ್ಕೆ ಒಡನೆಯೇ ಮಣಿಯುವುದೂ ಇಲ್ಲ. ಅದು ಕತ್ತಿನ ಯಾವ ಭಾಗದಲ್ಲಿದೆ, ಬಿಸಿಯಾಗಿದೆಯೋ ಬಿಗಿಯಾಗಿದೆಯೋ, ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ಎಂದು ಕುತೂಹಲದಿಂದ ನೋಡುತ್ತಾನೆ. ಕಡಲ ದಡದಲ್ಲಿ ಕುಳಿತವನು ಅಲೆಯನ್ನು ನೋಡುವಂತೆ ಅವನ ನೋಟ. ಅಲೆ ಏಳುತ್ತದೆ, ಎತ್ತರಕ್ಕೆ ಬೆಳೆಯುತ್ತದೆ, ಒಡೆಯುತ್ತದೆ, ಹಿಂದೆ ಸರಿಯುತ್ತದೆ. ದಡದಲ್ಲಿ ಕುಳಿತವನು ಅಲೆಯೊಡನೆ ಹೋರಾಡಬೇಕಾಗಿಲ್ಲ. ನಡುವೆ ಟಿಕ್ ಬಂದುಬಿಟ್ಟರೆ ಅವನು ತನ್ನನ್ನು ಬೈದುಕೊಳ್ಳುವುದಿಲ್ಲ. ಬಂತು ಎಂದು ತಿಳಿದು ಮತ್ತೆ ಉಸಿರಿಗೆ ಮರಳುತ್ತಾನೆ. ಮಣಿಯದಿದ್ದರೂ ತುಡಿತ ತಾನಾಗಿ ಇಳಿಯುವುದೆಂಬುದು ಹೀಗೆ ಹಲವು ಸಲ ಅನುಭವಕ್ಕೆ ಬಂದಾಗ, ಗಾಣದ ವೇಗ ತಗ್ಗುತ್ತದೆ.

ಇಲ್ಲಿ ಒಂದು ಸಂದೇಹ ಬರುವುದು ಸಹಜ. ಟಿಕ್‌ನ ಮಾತೆತ್ತಿದರೆ ಸಾಕು, ಟಿಕ್ ಹೆಚ್ಚುವುದನ್ನು ಎಲ್ಲ ರೋಗಿಗಳೂ ಬಲ್ಲರು. ಹೀಗಿರುವಾಗ ಅದನ್ನೇ ಗಮನಿಸುತ್ತ ಕುಳಿತರೆ ಬಾಧೆ ಬೆಳೆಯದೆ? ಉತ್ತರವಿರುವುದು ಗಮನದ ಬಗೆಯಲ್ಲಿ. ಭಯದಿಂದ ಗಮನಿಸುವುದು ಒಂದು, ಶಾಂತಿಯಿಂದ ಗಮನಿಸುವುದು ಇನ್ನೊಂದು. ‘ಅಯ್ಯೋ, ಈಗ ಬರುತ್ತದೆ, ಎಲ್ಲರೂ ನೋಡಿ ನಗುತ್ತಾರೆ’ ಎಂಬ ಗಮನ ತುಡಿತಕ್ಕೆ ಎಣ್ಣೆ ಹೊಯ್ಯುತ್ತದೆ. ‘ಇಲ್ಲೊಂದು ಬಿಗಿತವಿದೆ, ಇರಲಿ’ ಎಂಬ ಗಮನ ಅದಕ್ಕೆ ಉರಿಯಲು ಸೌದೆ ಕೊಡುವುದಿಲ್ಲ. ಒಂದೇ ಬೆಳಕಿನಲ್ಲಿ ಹಗ್ಗವನ್ನು ಹಾವೆಂದು ಕಂಡು ಬೆಚ್ಚುವವನಿಗೂ ಹಗ್ಗವೆಂದೇ ಕಾಣುವವನಿಗೂ ಇರುವ ಅಂತರವಿದು.

ಮನಸ್ಸು ಒಂದು ಕಾರ್ಯದಲ್ಲಿ ಪೂರ್ಣವಾಗಿ ನೆಲೆಗೊಂಡಾಗ ಟಿಕ್‌ಗಳು ಅಡಗುವುದೂ ಉಂಟು. ನರವೈದ್ಯರೂ ಲೇಖಕರೂ ಆಗಿದ್ದ ಆಲಿವರ್ ಸ್ಯಾಕ್ಸ್ ಅವರು 1995ರ ತಮ್ಮ ಪುಸ್ತಕವೊಂದರಲ್ಲಿ ಕೆನಡಾದ ಒಬ್ಬ ಶಸ್ತ್ರವೈದ್ಯರ ಕಥೆಯನ್ನು ಹೇಳಿದ್ದಾರೆ. ಆ ವೈದ್ಯರಿಗೆ ತೀವ್ರವಾದ ಟುರೆಟ್ ಬಾಧೆಯಿತ್ತು. ಮನೆಯಲ್ಲಿ, ದಾರಿಯಲ್ಲಿ ಅವರ ಕೈಗಳು ಸುಮ್ಮನಿರುತ್ತಿರಲಿಲ್ಲ. ಆದರೆ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಕತ್ತರಿ ಹಿಡಿದು ನಿಂತರೆಂದರೆ ಅದೇ ಕೈಗಳು ಗಂಟೆಗಟ್ಟಲೆ ಕಿಂಚಿತ್ತೂ ಅಲುಗದೆ ಕೆಲಸ ಮಾಡುತ್ತಿದ್ದವು. ಸಹೋದ್ಯೋಗಿಗಳು ಅವರನ್ನು ನಂಬಿದರು; ರೋಗಿಗಳೂ ನಂಬಿದರು. ಜಾನ್ಸನ್ನನಿಗೆ ಎರಡು ಶಾಲೆಗಳು ಕೊಡದಿದ್ದ ವಿಶ್ವಾಸ ಈ ವೈದ್ಯರಿಗೆ ದೊರೆತಿತ್ತು.

ಆದರೂ ವಿಜ್ಞಾನವು ಅವಸರದ ಸಂತೋಷವನ್ನು ಒಪ್ಪುವುದಿಲ್ಲ. ರೀಸ್ ಅವರ ಮೊದಲ ಅಧ್ಯಯನದಲ್ಲಿ ಭಾಗವಹಿಸಿದವರು ಕೆಲವೇ ಮಂದಿ. ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಇನ್ನೊಂದು ಗುಂಪೂ ಇರಲಿಲ್ಲ. ಟಿಕ್‌ಗಳು ತಾವಾಗಿಯೇ ಒಮ್ಮೆ ಏರಿ ಒಮ್ಮೆ ಇಳಿಯುವ ಸ್ವಭಾವದವು. ಉತ್ಸಾಹದಿಂದ ಬಂದವರಿಗೆ ಭರವಸೆಯಿಂದಲೇ ಅರ್ಧ ಗುಣವಾಗುವುದೂ ಉಂಟು. ಆದುದರಿಂದ ಆ 59ನ್ನು ಹಿಂದಿನ ಪರೀಕ್ಷೆಯ 38ರೊಡನೆ ಹೋಲಿಸಿ, ಇದೇ ಮೇಲೆಂದು ತೀರ್ಮಾನಿಸುವುದು ತಪ್ಪು. ದೊಡ್ಡ ಪ್ರಮಾಣದ, ಹೋಲಿಕೆಯುಳ್ಳ ಪರೀಕ್ಷೆಗಳು ನಡೆಯಬೇಕೆಂದು ಸಂಶೋಧಕರೇ ಬರೆದರು. ಭರವಸೆಯನ್ನೂ ಸಂದೇಹವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ವಿಜ್ಞಾನದ ಸತ್ಯನಿಷ್ಠೆ.

ಸಾವಧಾನವು ಟಿಕ್‌ನ ಬೇರನ್ನು ಕಿತ್ತುಹಾಕುವ ಮಂತ್ರವಲ್ಲ. ಅದು ಔಷಧಕ್ಕಾಗಲಿ ವೈದ್ಯರ ಸಲಹೆಗಾಗಲಿ ಬದಲಿಯೂ ಅಲ್ಲ. ತಿಳಿದವರ ಮಾರ್ಗದರ್ಶನದಲ್ಲಿ, ತಾಳ್ಮೆಯಿಂದ ಮಾಡಬೇಕಾದ ಸಾಧನೆ ಅದು. ನಮ್ಮ ಊರುಗಳಲ್ಲಿ ಇಂಥ ಚಲನೆಗಳನ್ನು ಚೇಷ್ಟೆಯೆಂದು ಗದರಿಸುವವರೂ, ದೃಷ್ಟಿ ತಗುಲಿದೆಯೆಂದು ನಿವಾಳಿಸುವವರೂ ಇದ್ದಾರೆ. ಗದರಿಕೆಯಿಂದ ಮಿದುಳಿನ ಕಾವಲು ಬಿಗಿಯಾಗದು. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ನರವೈದ್ಯರೂ ಮನೋವೈದ್ಯರೂ ಇದ್ದಾರೆ. ಅವರ ಬಳಿಗೆ ಹೋಗುವುದರಲ್ಲಿ ನಾಚಿಕೆಪಡಬೇಕಾದುದು ಏನೂ ಇಲ್ಲ.

ರೋಗಿಯು ತನ್ನ ತುಡಿತವನ್ನು ತಿರಸ್ಕಾರವಿಲ್ಲದೆ ನೋಡಲು ಎಂಟು ವಾರ ಶ್ರಮಿಸಿ ಕಲಿಯುತ್ತಾನೆ. ಸುತ್ತಲಿನವರು ಅವನನ್ನು ತಿರಸ್ಕಾರವಿಲ್ಲದೆ ನೋಡಲು ಎಷ್ಟು ಕಾಲ ಬೇಕು? ತರಗತಿಯಲ್ಲಿ ಪಕ್ಕದ ಗೆಳೆಯನ ಹೆಗಲು ಎಗರಿದಾಗ ಅಣಕಿಸದಿರುವುದು, ‘ನಿಲ್ಲಿಸು’ ಎಂದು ಗದರದಿರುವುದು, ಏನೂ ಆಗಿಲ್ಲವೆಂಬಂತೆ ಮಾತನ್ನು ಮುಂದುವರಿಸುವುದು, ಇಷ್ಟಕ್ಕೆ ಔಷಧ ಬೇಡ, ಹಣ ಬೇಡ. ಅವನ ಅಳುಕು ಇಳಿದರೆ ತುಡಿತಕ್ಕೆ ಬೀಳುವ ಎಣ್ಣೆಯೂ ಕಡಿಮೆಯಾಗುತ್ತದೆ. ಆ ಮಟ್ಟಿಗೆ ಸಹಪಾಠಿಗಳೂ ಅವನ ಚಿಕಿತ್ಸಕರೇ.

ಹುಡುಗರು ನಗುವರೆಂಬ ಭಯದಿಂದ ಅಂದಿನ ಎರಡು ಶಾಲೆಗಳು ಒಬ್ಬ ಮಹಾಗುರುವನ್ನು ಕಳೆದುಕೊಂಡವು. ಆ ಹುಡುಗರು ನಿಜವಾಗಿ ನಗುತ್ತಿದ್ದರೋ ಇಲ್ಲವೋ ಯಾರಿಗೂ ತಿಳಿಯದು. ಅವರನ್ನು ಯಾರೂ ಕೇಳಲೇ ಇಲ್ಲ. ಇಂದಿನ ಶಾಲೆಗಳ ಮಕ್ಕಳು ಮಾತ್ರ ಆ ಪ್ರಶ್ನೆಗೆ ತಮ್ಮ ನಡತೆಯಿಂದಲೇ ಉತ್ತರ ಕೊಡಬಲ್ಲರು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
1. ಹೋಗಾರ್ತನು ಜಾನ್ಸನ್ನನನ್ನು ಮೊದಲು ಏನೆಂದು ಭಾವಿಸಿದನು?
2. ಟುರೆಟ್ ಎಂಬ ವೈದ್ಯನು ಎಷ್ಟು ರೋಗಿಗಳ ವಿವರಗಳನ್ನು ಪ್ರಕಟಿಸಿದನು?
3. ‘ಸತಿ’ ಎಂಬ ಪದದ ತಾತ್ಪರ್ಯವೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ಸೊಳ್ಳೆ ಕಡಿತದ ಉದಾಹರಣೆಯಿಂದ ಟಿಕ್‌ನ ಸ್ವರೂಪವನ್ನು ವಿವರಿಸಿ.
2. ಭಯದ ಗಮನಕ್ಕೂ ಶಾಂತಿಯ ಗಮನಕ್ಕೂ ಇರುವ ವ್ಯತ್ಯಾಸವೇನು?
3. 2015ರ ಅಧ್ಯಯನದ ಫಲಿತಾಂಶವನ್ನು 2012ರ ಪರೀಕ್ಷೆಯೊಡನೆ ಹೋಲಿಸುವುದು ಏಕೆ ತಪ್ಪು?

ಇ) ಸಂದರ್ಭ ಸೂಚಿಸಿ ವಿವರಿಸಿ.
1. “ಆ ಮಟ್ಟಿಗೆ ಸಹಪಾಠಿಗಳೂ ಅವನ ಚಿಕಿತ್ಸಕರೇ.”
2. “ಅದನ್ನು ಅವನು ತನ್ನದೇ ತಪ್ಪೆಂದು ಹೊತ್ತುಕೊಂಡಿದ್ದನು.”